ವೆಬ್‌ಸೈಟ್‌ನಿಂದ ಮೇಲ್ ಕಳಿಸುವುದು ಹೇಗೆ?

ಸಕಲೇಶಪುರದ ಒಂದು ಹೋಮ್‌ಸ್ಟೇ ವೆಬ್‌ಸೈಟ್ ಅಂದುಕೊಳ್ಳಿ. ಯಾರೋ ಬುಕಿಂಗ್ ಫಾರ್ಮ್ ತುಂಬಿ ಬಟನ್ ಒತ್ತುತ್ತಾರೆ. 'ಧನ್ಯವಾದ' ಅಂತ ಪುಟ ತೆರೆಯುತ್ತದೆ. ಮಾಲೀಕರಿಗೆ ಮಾತ್ರ ಮೇಲ್ ಬಂದೇ ಇರುವುದಿಲ್ಲ.

ವೆಬ್‌ಸೈಟ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲೇ ಇರುವ 'ಮೇಲ್' ಫಂಕ್ಷನ್ ನಂಬಿದವರ ಪಾಡು ಸಾಮಾನ್ಯವಾಗಿ ಇದೇ. ಅದು 'ಟ್ರೂ' ಅಂದರೆ ಮೇಲ್ ತಲುಪಿತು ಅಂತಲ್ಲ, ಅಂಚೆ ಡಬ್ಬಿಗೆ ಬಿತ್ತು ಅಂತಷ್ಟೇ. ಹಾಗಾಗಿ ಅದನ್ನು ಬಿಟ್ಟು, ಕಂಪೋಸರ್ (ಪಿಎಚ್‌ಪಿ ಲೈಬ್ರರಿಗಳನ್ನು ತಂದುಕೊಡುವ ಸಾಧನ) ಮೂಲಕ ಪಿಎಚ್‌ಪಿಮೇಲರ್ ಎಂಬ ಮೇಲ್ ಕಳಿಸುವ ಲೈಬ್ರರಿ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಮುಂದಿನದು ಎಸ್‌ಎಂಟಿಪಿ, ಅಂದರೆ ಮೇಲ್ ಕಳಿಸುವ ಸರ್ವರ್‌ನ ಸೆಟ್ಟಿಂಗ್. ಸರ್ವರ್ ಹೆಸರು, ಯೂಸರ್‌ನೇಮ್, ಪಾಸ್‌ವರ್ಡ್, ಪೋರ್ಟ್ ಇಷ್ಟು ಬೇಕು. ಪೋರ್ಟ್ 587 ಇಟ್ಟು, ಸಂಪರ್ಕವನ್ನು ಗೂಢಲಿಪಿಗೊಳಿಸುವ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ. 25ರ ಗೋಜಿಗೆ ಹೋಗಬೇಡಿ, ಸ್ಪ್ಯಾಮ್ ಕಾಟಕ್ಕೆ ಹೆದರಿ ಎಷ್ಟೋ ಕ್ಲೌಡ್ ಕಂಪನಿಗಳು ಅದನ್ನು ಮುಚ್ಚಿಟ್ಟಿರುತ್ತವೆ. ಜಿಮೇಲ್ ಬಳಸುವುದಾದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಅದನ್ನು ಕೋಡ್ ಒಳಗೆ ಬರೆಯಬೇಡಿ. ಗುಟ್ಟಿನ ಸೆಟ್ಟಿಂಗ್‌ಗಳಿಗೆಂದೇ ಇರುವ ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿಡಿ, ಆ ಫೈಲ್ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ) ಹೋಗದಂತೆ ನೋಡಿಕೊಳ್ಳಿ.

ಈಗ ಫ್ರಮ್ ವಿಳಾಸ, ಅಂದರೆ ಕಳಿಸಿದವರು ಯಾರು ಅಂತ ಮೇಲ್‌ನಲ್ಲಿ ಕಾಣುವ ವಿಳಾಸ. ಜಾಸ್ತಿ ಜನ ಎಡವುವುದು ಇಲ್ಲೇ. ಫಾರ್ಮ್ ತುಂಬಿದವರ ವಿಳಾಸವನ್ನೇ ಫ್ರಮ್‌ಗೆ ಹಾಕಿದರೆ ಉತ್ತರ ಕೊಡುವುದು ಸುಲಭ ಅಲ್ವಾ ಅನ್ನಿಸುತ್ತದೆ. ಆದರೆ ಅವರದು ಯಾಹೂ ವಿಳಾಸವಾಗಿದ್ದು, ನಿಮ್ಮ ಸರ್ವರ್ ಯಾಹೂ ಹೆಸರಿನಲ್ಲಿ ಮೇಲ್ ಕಳಿಸಿದರೆ ಅದು ಖೋಟಾ ಮೇಲ್ ಅಂತಲೇ ಲೆಕ್ಕ. ಅಂಥ ಮೇಲ್ ತಿರಸ್ಕರಿಸಿ ಎಂದು ಯಾಹೂ 2014ರಿಂದಲೇ ತನ್ನ ಡಿಮಾರ್ಕ್ ನಿಯಮದಲ್ಲಿ (ತನ್ನ ಹೆಸರಿನ ಖೋಟಾ ಮೇಲ್ ಬಂದರೆ ಏನು ಮಾಡಬೇಕೆಂದು ಡೊಮೇನ್ ಹೇಳುವ ನಿಯಮ) ಹೇಳಿಟ್ಟಿದೆ. ಫ್ರಮ್‌ನಲ್ಲಿ ನಿಮ್ಮ ಡೊಮೇನ್‌ನ ವಿಳಾಸವಿರಲಿ, ಅತಿಥಿಯ ವಿಳಾಸ ರಿಪ್ಲೈ-ಟುಗೆ (ಉತ್ತರ ಹೋಗಬೇಕಾದ ವಿಳಾಸದ ಜಾಗ) ಹೋಗಲಿ. ಮಾಲೀಕರು ರಿಪ್ಲೈ ಒತ್ತಿದರೆ ಉತ್ತರ ಸೀದಾ ಅತಿಥಿಗೇ ಹೋಗುತ್ತದೆ.

ಸ್ವಂತ ಡೊಮೇನ್‌ನಿಂದ ಕಳಿಸುವಾಗ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ಸಾರ್ವಜನಿಕ ದಾಖಲೆ ವ್ಯವಸ್ಥೆ) ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆ ಸೇರಿಸಿ. ಯಾವ ಸರ್ವರ್‌ಗೆ ನಿಮ್ಮ ಪರವಾಗಿ ಕಳಿಸುವ ಅಧಿಕಾರವಿದೆ ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದು ಇದ್ದರೆ ಅದರಲ್ಲೇ ಹೊಸ ಸರ್ವರ್ ಸೇರಿಸಿ. ಎರಡಾದರೆ ಎರಡೂ ಕೆಟ್ಟವು.

ಕನ್ನಡದಲ್ಲಿ ಬರೆಯುವವರು ಇದನ್ನು ಮರೆಯಲೇಬಾರದು: ಕನ್ನಡ ಅಕ್ಷರಗಳನ್ನು ಸರಿಯಾಗಿ ಕಳಿಸುವ ಯುಟಿಎಫ್-8 ಸಂಕೇತ ಪದ್ಧತಿಯನ್ನು ಪಿಎಚ್‌ಪಿಮೇಲರ್ ತಾನಾಗಿ ಬಳಸುವುದಿಲ್ಲ. ಅದರ 'ಕ್ಯಾರ್‌ಸೆಟ್' ಸೆಟ್ಟಿಂಗನ್ನು ನೀವೇ ಯುಟಿಎಫ್-8ಕ್ಕೆ ಬದಲಿಸಬೇಕು. ಇಲ್ಲದಿದ್ದರೆ 'ಬುಕಿಂಗ್ ಖಚಿತ' ಅಂತ ಬರೆದದ್ದು ಮೇಲ್ ಪಡೆದವರಿಗೆ ಏನೇನೋ ಚಿಹ್ನೆಗಳಾಗಿ ಕಾಣುತ್ತದೆ.

ಬುಕಿಂಗ್ ವಿವರವನ್ನು ಮೊದಲು ಡೇಟಾಬೇಸ್‌ಗೆ ಹಾಕಿ, ಆಮೇಲೆ ಮೇಲ್ ಕಳಿಸಿ. ಮೇಲ್ ಕೈಕೊಟ್ಟರೂ ಬುಕಿಂಗ್ ಉಳಿಯುತ್ತದೆ. ಮೇಲ್ ಕಳಿಸುವ ಕೋಡ್ ಸಾಲನ್ನು ಟ್ರೈ-ಕ್ಯಾಚ್ (ತಪ್ಪಾದರೆ ಹಿಡಿದುಕೊಳ್ಳುವ ಕೋಡ್) ಒಳಗಿಟ್ಟು, ತಪ್ಪಾದರೆ ಲಾಗ್‌ ಫೈಲ್‌ನಲ್ಲಿ ಬರೆಸಿ.

ಇನ್ನು ಪರೀಕ್ಷೆ. ಒಂದು ಮೇಲ್ ನಿಮ್ಮದೇ ಜಿಮೇಲ್‌ಗೆ ಕಳಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ತೆರೆಯಿರಿ. ಎಸ್‌ಪಿಎಫ್, ಡಿಕಿಮ್ ಎದುರು 'ಪಾಸ್' ಅಂತಿರಬೇಕು. ಮೇಲ್ ಹೋಗಲೇ ಇಲ್ಲವೆಂದರೆ ಪಿಎಚ್‌ಪಿಮೇಲರ್‌ನ 'ಎಸ್‌ಎಂಟಿಪಿಡಿಬಗ್' ಸೆಟ್ಟಿಂಗನ್ನು 2ಕ್ಕೆ ಇಡಿ. ಸರ್ವರ್ ಏನು ಗೊಣಗುತ್ತಿದೆ ಅಂತ ಸಾಲುಸಾಲಾಗಿ ತೋರಿಸುತ್ತದೆ. ಸೈಟ್ ಜನರಿಗೆ ಬಿಡುವ ಮೊದಲು ಮತ್ತೆ ಸೊನ್ನೆ ಮಾಡಿ. ಇಲ್ಲವೆಂದರೆ ಆ ಗೊಣಗಾಟವೆಲ್ಲ ಅತಿಥಿಗಳ ಪರದೆ ಮೇಲೆ ಬರುತ್ತದೆ.