ನೇರ ಪ್ರಸಾರದ ದೃಶ್ಯದ ಮೇಲೆ ಕನ್ನಡ ಅಕ್ಷರ ಕೂಡ್ರಿಸುವುದು: ನನ್ನ ಅನುಭವ

ಧಾರವಾಡದ ಸಂಗೀತ ಸಭೆಗಳನ್ನೂ ಗದಗಿನ ಕಡೆಯ ಮಠಗಳ ಪ್ರವಚನಗಳನ್ನೂ ನೇರ ಪ್ರಸಾರ ಮಾಡಲು ನಾನು ಬಳಸುವುದು ನಾಲ್ಕು ಎಚ್‌ಡಿಎಂಐ ಇನ್‌ಪುಟ್‌ಗಳಿರುವ ಎಟೆಮ್ ಮಿನಿ ಸ್ವಿಚರ್, ಅಂದರೆ ಹಲವು ದೃಶ್ಯಗಳಲ್ಲಿ ಬೇಕಾದ್ದನ್ನು ಆರಿಸಿ ಪ್ರಸಾರಕ್ಕೆ ಕಳಿಸುವ ಪೆಟ್ಟಿಗೆ. ಮೂರಕ್ಕೆ ಕ್ಯಾಮೆರಾ, ನಾಲ್ಕನೆಯದಕ್ಕೆ ಹೆಸರುಗಳನ್ನು ತೋರಿಸುವ ಲ್ಯಾಪ್‌ಟಾಪ್. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ, ಸಭಾಂಗಣದ ದೀಪಗಳು ಮಿನುಗದಿರಲೆಂದು 1080ಪಿ25, ಅಂದರೆ 1920×1080 ಪಿಕ್ಸೆಲ್‌ನ ಚಿತ್ರ, ಸೆಕೆಂಡಿಗೆ 25 ಫ್ರೇಮ್, ಇಟ್ಟುಕೊಳ್ಳುತ್ತೇನೆ.

ಬೇಡದ ಹಿನ್ನೆಲೆಯನ್ನು ತೆಗೆದು ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂಡ್ರಿಸುವ ಸೌಲಭ್ಯವೇ ‘ಕೀ’. ಈ ಸ್ವಿಚರಿನಲ್ಲಿ ಅಪ್‌ಸ್ಟ್ರೀಮ್ ಕೀ ಒಂದು, ಡೌನ್‌ಸ್ಟ್ರೀಮ್ ಕೀ ಒಂದು. ಕೆಳಗೆ ಕ್ಯಾಮೆರಾ ಎಷ್ಟು ಸಲ ಬದಲಾದರೂ ಡೌನ್‌ಸ್ಟ್ರೀಮ್ ಕೀ ಎಲ್ಲಕ್ಕೂ ಮೇಲೆ ಅಲುಗಾಡದೆ ನಿಲ್ಲುವುದರಿಂದ, ಸಂಘಟಕರ ಲಾಂಛನವನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಮೀಡಿಯಾ ಪ್ಲೇಯರಿಗೆ ಹಾಕಿ ಅಲ್ಲಿಡುತ್ತೇನೆ. ಲಾಂಛನದ ಸುತ್ತ ಕಪ್ಪು ಅಂಚು ಕಂಡರೆ ನಾನು ಮೊದಲು ನೋಡುವುದು ‘ಪ್ರಿಮಲ್ಟಿಪ್ಲೈಡ್ ಕೀ’ (ಪಾರದರ್ಶಕತೆಯನ್ನು ಚಿತ್ರದ ಬಣ್ಣಕ್ಕೆ ಮೊದಲೇ ಸೇರಿಸಿದೆ ಎಂದು ಸ್ವಿಚರಿಗೆ ತಿಳಿಸುವ) ಆಯ್ಕೆಯನ್ನು. ಕಲಾವಿದರ ಹೆಸರಿಗೆ ಅಪ್‌ಸ್ಟ್ರೀಮ್ ಕೀ ಸರಿ. ಮುಂದಿನ ಟ್ರಾನ್ಸಿಷನ್ನಿಗೆ, ಅಂದರೆ ದೃಶ್ಯ ಬದಲಾವಣೆಗೆ, ಹಿನ್ನೆಲೆಯ (ಕ್ಯಾಮೆರಾ ದೃಶ್ಯದ) ಜೊತೆ ಕೀಯನ್ನೂ ಸೇರಿಸಿಟ್ಟರೆ, ತಬಲಾದವರಿಂದ ಗಾಯಕರಿಗೆ ಕಟ್ ಮಾಡಿದ ಕೂಡಲೇ ತಬಲಾದವರ ಹೆಸರೂ ತಾನಾಗಿ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅಕ್ಷರದ ಅಂಚು. ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರವನ್ನು, ಹೊಳಪು ನೋಡಿ ಕಪ್ಪನ್ನು ತೆಗೆಯುವ ಲೂಮಾ ಕೀ ಚೆನ್ನಾಗಿ ಎತ್ತಿಕೊಳ್ಳುತ್ತದೆ, ಆದರೆ ಅಕ್ಷರದ ಹಿಂದೆ ಕಡುನೀಲಿ ಪಟ್ಟಿ ಇದ್ದರೆ ಕಪ್ಪಿನೊಂದಿಗೆ ಅದೂ ಕರಗುತ್ತದೆ. ಹಸಿರು ಹಿನ್ನೆಲೆಯಿಟ್ಟು ಕ್ರೋಮಾ ಕೀ ಮಾಡಿದರೆ, ಅಂದರೆ ಬಣ್ಣ ನೋಡಿ ಹಸಿರನ್ನಷ್ಟೇ ತೆಗೆದರೆ, ಪಟ್ಟಿ ಉಳಿಯುತ್ತದೆ. ಆದರೆ ವಿಡಿಯೊದಲ್ಲಿ ಬೆಳಕಿಗಿಂತ ಬಣ್ಣದ ವಿವರ ಕಡಿಮೆ ಇರುವುದರಿಂದ, ಹಸಿರಿಗೆ ನೇರವಾಗಿ ತಾಗುವ ಸಣ್ಣ ಗೆರೆಗಳು ಹರಿದಂತೆ ಕಾಣುತ್ತವೆ. ಹೀಗಾಗಿ ಅಕ್ಷರಗಳನ್ನು ಪೂರ್ತಿಯಾಗಿ ಪಟ್ಟಿಯ ಒಳಗೇ ಇಡುತ್ತೇನೆ. ಹಸಿರಿಗೆ ತಾಗುವುದು ಪಟ್ಟಿಯ ನೇರ ಅಂಚು ಮಾತ್ರ, ಅದನ್ನು ಕೀ ಸಲೀಸಾಗಿ ಕತ್ತರಿಸುತ್ತದೆ. ಇಂಗ್ಲಿಷ್ ಹೆಸರಿಗೆಂದು ಮಾಡಿದ ಸಿದ್ಧ ಪಟ್ಟಿಗಳು ನಮಗೆ ಸಾಲವು: ‘ಹುಬ್ಬಳ್ಳಿ’ ಎಂದು ಬರೆದರೆ ಎರಡು ಒತ್ತುಗಳು ಕೆಳಗಿಳಿಯುತ್ತವೆ, ‘ಸಿದ್ಧಾರೂಢ’ ಎಂಬಲ್ಲಿ ದ್ಧ ಪಟ್ಟಿಯ ಅಂಚಿಗೇ ಬಂದು ಕೂಡುತ್ತದೆ. ಕೆಳಗಡೆ ಜಾಗ ಬಿಟ್ಟು, ಪಟ್ಟಿಯನ್ನು ನಾನೇ ಎತ್ತರವಾಗಿ ಮಾಡಿಕೊಂಡಿದ್ದೇನೆ. ಪರದೆಯ ಎಡಬಲಗಳಲ್ಲಿ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್, ಅಂದರೆ ಶೇ. 5ರಷ್ಟು ಅಂಚನ್ನು ಖಾಲಿ ಬಿಡುತ್ತೇನೆ.

ಲ್ಯಾಪ್‌ಟಾಪಿನಿಂದ ಸ್ವಿಚರಿಗೆ ಹೋಗುವ ಎರಡನೆಯ ಪರದೆಯನ್ನು ‘ಎಕ್ಸ್‌ಟೆಂಡ್’ನಲ್ಲಿಟ್ಟು (ಮೊದಲ ಪರದೆಯ ನಕಲಾಗದೆ ಬೇರೆಯಾಗಿ ಉಳಿಯುವಂತೆ), ನೋಟಿಫಿಕೇಷನ್ ಎಲ್ಲವನ್ನೂ ಮುಚ್ಚಿ, ಮೌಸಿನ ಬಾಣವನ್ನು ಮೊದಲ ಪರದೆಗೆ ಎಳೆದುಕೊಂಡ ಮೇಲೆಯೇ ಪ್ರಸಾರ ಶುರು. ಹೆಸರನ್ನು ಮೂಡಿಸಲು 12 ಫ್ರೇಮ್, ಸುಮಾರು ಅರ್ಧ ಸೆಕೆಂಡು, ಸಾಕು. ಆಲಾಪದ ನಡುವೆ ಹಾರಿ ಬರುವ ಅಕ್ಷರ ನನಗಂತೂ ಸೇರದು. ಕಲಾವಿದರು ಹೇಳದೆ ರಾಗದ ಹೆಸರನ್ನು ಹಾಕುವುದಿಲ್ಲ. ಕ್ಯಾಮೆರಾ ಅಲುಗಿದರೆ ಕ್ಷಮಿಸುವ ಧಾರವಾಡದ ಕೇಳುಗರು ತಪ್ಪು ರಾಗವನ್ನು ಕ್ಷಮಿಸುವುದಿಲ್ಲ. ಬಹಳ ಜನ ನೋಡುವುದು ಫೋನಿನಲ್ಲಾದ್ದರಿಂದ, ಅಕ್ಷರದ ಗಾತ್ರವನ್ನು ಮಾನಿಟರ್ ನೋಡಿ ನಿರ್ಧರಿಸದೆ, ಪರೀಕ್ಷಾ ಪ್ರಸಾರವನ್ನು ಫೋನಿನಲ್ಲಿ ತೆರೆದು, ಕೈ ಚಾಚಿ ಹಿಡಿದು, ಒತ್ತಕ್ಷರ ಓದಲು ಬರುವಷ್ಟಕ್ಕೆ ಹೆಚ್ಚಿಸುತ್ತೇನೆ.