ಹೋಗಲಿಲ್ಲ ಅಲ್ಲ, ಬಿಡಲಿಲ್ಲ

ಹಗಲು ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲಿ, ಸಂಜೆ ಕಾನೂನು ಕಾಲೇಜಿನಲ್ಲಿ ಒಂದೆರಡು ಗಂಟೆ ಪಾಠ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಂದಾಗ ಮೊದಲೆಲ್ಲ ತೀರ್ಪುಗಳ ಟಿಪ್ಪಣಿ ಬರೆಸುತ್ತಿದ್ದೆ. ಒಮ್ಮೆ ಅಜಲು ಎಂದರೇನು ಎಂದು ಕೇಳಿದೆ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೂ ಗೊತ್ತಿರಲಿಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕರಾವಳಿಯ ಬುಡಕಟ್ಟು ಜನರಾದ ಕೊರಗರಿಗೆ ತಿನ್ನಿಸುವ ಈ ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು ಎಂದಾಗ ತರಗತಿ ಸ್ತಬ್ಧವಾಯಿತು.

ಅಮೆರಿಕದ ಕರಿಯ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸಿದವರು. 1930ರ ದಶಕದಲ್ಲಿ ಕ್ಯಾಮೆರಾ ಹಿಡಿದು ದಕ್ಷಿಣದ ರಾಜ್ಯಗಳಿಗೆ ಹೋಗಿ, ಬಿಳಿಯರ ಶಾಲೆ ಹೇಗಿದೆ, ಕರಿಯರ ಶಾಲೆ ಹೇಗಿದೆ ಎಂದು ಚಿತ್ರೀಕರಿಸಿಕೊಂಡು ಬಂದರು. ಶಾಲೆಗಳಲ್ಲಿ ಕರಿಯ-ಬಿಳಿಯ ಮಕ್ಕಳನ್ನು ಬೇರ್ಪಡಿಸುವುದರ ವಿರುದ್ಧದ ಬ್ರೌನ್ ಪ್ರಕರಣವನ್ನು 1954ರಲ್ಲಿ ಗೆದ್ದ ಥರ್ಗುಡ್ ಮಾರ್ಷಲ್, ಹ್ಯೂಸ್ಟನ್ನರ ಶಿಷ್ಯ. ನಮ್ಮೂರಿನಲ್ಲಿಯೂ 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ವಕೀಲರೇ. ಕಣ್ಣಾರೆ ಕಂಡದ್ದನ್ನು ಕರಾರುವಾಕ್ಕಾಗಿ ಬರೆಯುವುದನ್ನೇ ಮೊದಲು ಕಲಿಸಬೇಕೆಂದು ನಿರ್ಧರಿಸಿ, ವಿದ್ಯಾರ್ಥಿಗಳನ್ನು ಕೊರಗ ಕಾಲೊನಿಗಳಿಗೆ ಕರೆದೊಯ್ಯತೊಡಗಿದೆ.

ಬುಟ್ಟಿ ಹೆಣೆಯುವ ಒಬ್ಬ ತಾಯಿ ಜಾತ್ರೆಯ ಅನ್ನಸಂತರ್ಪಣೆಯಲ್ಲಿ ನಡೆದದ್ದನ್ನು ಹೇಳಿದರು. ವಿದ್ಯಾರ್ಥಿನಿ ಬರೆದುಕೊಂಡಿದ್ದು ಒಂದೇ ಸಾಲು: ‘ಜಾತಿ ತಾರತಮ್ಯ ಮಾಡಲಾಯಿತು.’ ಅದನ್ನು ಹೊಡೆದುಹಾಕಿಸಿದೆ. ಬಾಗಿಲಲ್ಲಿ ನಿಂತಿದ್ದವರು ಯಾರು? ಆಡಿದ ಮಾತು ಯಾವುದು? ಸಾಲಿನಲ್ಲಿ ಹಿಂದೆ ನಿಂತು ಅದನ್ನು ಕೇಳಿಸಿಕೊಂಡವರು ಯಾರು? ನಾಲ್ಕು ಗೋಡೆಗಳ ಒಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ನಿಂದನೆಗೆ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಜಾತಿ ನಿಂದನೆಯ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಿಂದೊಮ್ಮೆ ಸಾಕ್ಷಿಗಳ ಹೆಸರನ್ನು ನಾನೇ ಬರೆದುಕೊಳ್ಳದೆ ಒಂದು ಪ್ರಕರಣ ಬಿದ್ದುಹೋಗಿತ್ತು. ಆ ಮನೆಯವರ ಮುಖ ಇಂದಿಗೂ ಕಣ್ಣಮುಂದೆ ಬರುತ್ತದೆ.

ದೂರು ಕೊಡಲು ಆ ತಾಯಿಯ ಜೊತೆಗೆ ಪೊಲೀಸ್ ಠಾಣೆಗೆ ಹೋದೆವು. ತಾಯಿ ತುಳುವಿನಲ್ಲಿ ಹೇಳುತ್ತಿದ್ದರು, ಅಧಿಕಾರಿ ಕನ್ನಡದಲ್ಲಿ ಬರೆಯುತ್ತಿದ್ದರು. ಬರೆದು ಮುಗಿಸಿ ಸಹಿಗೆಂದು ಕಾಗದವನ್ನು ಮುಂದೆ ತಳ್ಳಿದರು. ಬಾಯಿಮಾತಿನ ದೂರನ್ನು ಬರೆದ ಮೇಲೆ ಸಹಿಗೆ ಮೊದಲು ಓದಿ ಹೇಳಲೇಬೇಕು. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಹೇಳುವುದು ಅದನ್ನೇ. ವಿದ್ಯಾರ್ಥಿನಿ ವಿನಯದಿಂದ ನೆನಪಿಸಿದಳು. ಅಧಿಕಾರಿ ಓದಿದರು: ‘ಫಿರ್ಯಾದಿ ಭೋಜನಶಾಲೆಯ ಒಳಗೆ ಹೋಗಲಿಲ್ಲ.’

ವಿದ್ಯಾರ್ಥಿನಿ ಅದನ್ನು ತುಳುವಿನಲ್ಲಿ ಹೇಳಿದಳು. ತಾಯಿ ತಲೆ ಅಲ್ಲಾಡಿಸಿದರು. ಹೋಗಲಿಲ್ಲ ಅಲ್ಲ, ಬಿಡಲಿಲ್ಲ. ‘ಹೋಗಲಿಲ್ಲ’ ಎಂದಿದ್ದರೆ ಅಪರಾಧವೇ ಇರುತ್ತಿರಲಿಲ್ಲ. ಆರೋಪಿಯ ವಕೀಲರು ಆ ಒಂದು ಪದವನ್ನೇ ಹಿಡಿದುಕೊಂಡು ಪ್ರಕರಣ ಮುಗಿಸಿಬಿಡುತ್ತಿದ್ದರು. ಅಧಿಕಾರಿ ಪದವನ್ನು ಹೊಡೆದು, ಮೇಲೆ ಸರಿಯಾದದ್ದನ್ನು ಬರೆದರು. ವಿದ್ಯಾರ್ಥಿನಿ ಇಂಕ್ ಪ್ಯಾಡನ್ನು ಹತ್ತಿರ ಸರಿಸಿದಳು. ತಾಯಿ ಕೈ ಮುಂದೆ ಚಾಚಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಓದಿ ಎಂದರು.