ಪುಟ ಪೂರ್ತಿ ಬಂತೇ? ಸ್ಕ್ರೀನ್‌ಶಾಟ್ ತೆಗೆಯುತ್ತಾ ಕಲಿತದ್ದು

ಪ್ರತಿ ಸೋಮವಾರ ನಲವತ್ತು ವೆಬ್ ಪುಟಗಳು ಹೇಗೆ ಕಾಣುತ್ತವೋ ಹಾಗೆಯೇ ಚಿತ್ರ ತೆಗೆದು, ದಿನಾಂಕ ಹಾಕಿ ಇಡಬೇಕಿತ್ತು. ಮುಂದೊಮ್ಮೆ 'ಆ ದಿನ ಪುಟದಲ್ಲಿ ಹೀಗಿತ್ತು' ಎಂದು ತೋರಿಸಬೇಕಾಗಿ ಬಂದರೆ ಕೈಯಲ್ಲಿ ಏನಾದರೂ ಇರಲಿ ಎಂಬುದು ಉದ್ದೇಶ. ನಲವತ್ತು ತಾನೇ, ಅರ್ಧ ಗಂಟೆಯ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮೊದಲ ವಾರ ಮೂರು ಗಂಟೆ ಹಿಡಿಯಿತು.

ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪರದೆಯ ಮೇಲೆ ಕಾಣುವಷ್ಟು ಮಾತ್ರ ಸಿಗುತ್ತದೆ. ಕೆಳಗಿನದ್ದಕ್ಕೆ ಸ್ಕ್ರಾಲ್ ಮಾಡಿ ಮತ್ತೆ ಒತ್ತಬೇಕು, ಆಮೇಲೆ ತುಂಡುಗಳನ್ನು ಜೋಡಿಸಬೇಕು. ಅದನ್ನೆಲ್ಲ ತಾನೇ ಮಾಡುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಒಂದನ್ನು ಹಾಕಿಕೊಂಡೆ. ಸ್ಕ್ರಾಲ್ ಮಾಡಿದರೂ ಮೇಲ್ಗಡೆಯೇ ಅಂಟಿಕೊಂಡಿರುವ ಮೆನು ಇದ್ದ ಪುಟವೊಂದರಲ್ಲಿ ಆ ಮೆನು ಚಿತ್ರದುದ್ದಕ್ಕೂ ಏಳು ಸಲ ಬಂತು, ಏಣಿಯ ಮೆಟ್ಟಿಲುಗಳ ಹಾಗೆ.

ಇದಕ್ಕೆ ಎಕ್ಸ್‌ಟೆನ್ಷನ್ನೇ ಬೇಡ ಎಂದು ಗೊತ್ತಾದದ್ದು ತಡವಾಗಿ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಪೂರ್ತಿ ಪುಟ ಆರಿಸಿದರೆ ಮುಗಿಯಿತು. ಕ್ರೋಮ್‌ನಲ್ಲಿ ಇದು ಸ್ವಲ್ಪ ಒಳಗೆ ಅಡಗಿದೆ: ಎಫ್12 ಒತ್ತಿ ಡೆವ್‌ಟೂಲ್ಸ್ (ಪುಟ ಕಟ್ಟುವವರಿಗೆಂದು ಬ್ರೌಸರ್‌ನಲ್ಲೇ ಇರುವ ಸಲಕರಣೆಗಳು) ತೆರೆದು, ಅಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ 'ಸ್ಕ್ರೀನ್‌ಶಾಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಪೂರ್ತಿ ಪುಟದ್ದೂ ಸಿಗುತ್ತದೆ, ಆರಿಸಿದ ಒಂದೇ ಎಲಿಮೆಂಟ್‌ನದ್ದೂ, ಅಂದರೆ ಪುಟದ ಒಂದು ಭಾಗದ್ದೂ ಸಿಗುತ್ತದೆ. ಒಂದು ಟೇಬಲ್ ಮಾತ್ರ ಬೇಕಾದಾಗ ಎರಡನೆಯದು ಕತ್ತರಿಸುವ ಕಷ್ಟ ತಪ್ಪಿಸುತ್ತದೆ. ಹತ್ತಿಪ್ಪತ್ತು ಪುಟಗಳಾದರೆ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ, ಪ್ರೋಗ್ರಾಂ ಬರೆಯಲು ಹೋಗಬೇಡಿ.

ನಾನು ಹೋದೆ. 2017ರಿಂದ ಕ್ರೋಮ್‌ಗೆ ಹೆಡ್‌ಲೆಸ್ ಮೋಡ್ ಇದೆ, ಅಂದರೆ ಕಿಟಕಿ ತೆರೆಯದೆಯೇ ಬ್ರೌಸರ್ ಓಡುತ್ತದೆ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಚಿತ್ರ ಪಿಎನ್‌ಜಿ ಫೈಲ್ ಆಗಿ ಬಂದುಬಿಡುತ್ತದೆ. ಆದರೆ ಅದು ಕೊಡುವುದು ನಾವು ಹೇಳಿದ ಅಳತೆಯ ಕಿಟಕಿಯ ಚಿತ್ರವನ್ನು. ಏನೂ ಹೇಳದಿದ್ದರೆ 800 ಗುಣಿಸು 600 ಪಿಕ್ಸೆಲ್. ನನ್ನ ಮೊದಲ ಚಿತ್ರಗಳಲ್ಲಿ ಮೆನುಗಳೆಲ್ಲ ಮೂರು ಗೆರೆಯ ಬಟನ್ ಆಗಿ ಮಡಚಿಕೊಂಡಿದ್ದವು. ಪುಟಗಳು ನನ್ನನ್ನು ಟ್ಯಾಬ್ಲೆಟ್ ಅಂದುಕೊಂಡಿದ್ದವು! ಹೀಗಾಗಿ ಅದೇ ವರ್ಷ ಕ್ರೋಮ್ ತಂಡದವರು ಹೊರತಂದ, ಬ್ರೌಸರ್ ಅನ್ನು ಪ್ರೋಗ್ರಾಂನಿಂದ ನಡೆಸಲು ನೆರವಾಗುವ ಪಪೆಟಿಯರ್ ಲೈಬ್ರರಿಗೆ ಬಂದೆ. ಅದರಲ್ಲಿ ಅಳತೆ ಹೇಳಬಹುದು, ಪೂರ್ತಿ ಪುಟ ಕೇಳಬಹುದು.

ಲಾಗಿನ್ ಬೇಡುವ ಒಂದನ್ನು ಬಿಟ್ಟು ಉಳಿದ ಮೂವತ್ತೊಂಬತ್ತೂ ಪುಟ ಕೆಲವೇ ನಿಮಿಷಗಳಲ್ಲಿ ಮುಗಿದವು. ತೆರೆದು ನೋಡಿದರೆ ಹದಿನೈದರಲ್ಲಿ ಕೆಳಗಿನ ಅರ್ಧ ಬಿಳಿ.

ಈಗಿನ ಹಲವು ಪುಟಗಳು ಚಿತ್ರಗಳನ್ನು ಮೊದಲೇ ತರುವುದಿಲ್ಲ. ಓದುವವರು ಸ್ಕ್ರಾಲ್ ಮಾಡುತ್ತಾ ಹತ್ತಿರ ಬಂದಾಗ ತರುತ್ತವೆ. ನನ್ನ ಬ್ರೌಸರ್ ಸ್ಕ್ರಾಲ್ ಮಾಡಿರಲೇ ಇಲ್ಲ. ನೆಟ್‌ವರ್ಕ್ ಸುಮ್ಮನಾಗುವವರೆಗೆ ಕಾಯುವ ಆಯ್ಕೆ ಪಪೆಟಿಯರ್‌ನಲ್ಲಿದೆ: 500 ಮಿಲಿಸೆಕೆಂಡ್ ಸರ್ವರ್‌ಗೆ ಯಾವ ಕೋರಿಕೆಯೂ ಇಲ್ಲದಿದ್ದರೆ ಪುಟ ಬಂತು ಎಂದು ಲೆಕ್ಕ. ಕೇಳಲು ಚೆಂದ. ಆದರೆ ಕೇಳದ ಚಿತ್ರಕ್ಕೆ ಕೋರಿಕೆಯೇ ಹೋಗಿರುವುದಿಲ್ಲ, ಹಾಗಾಗಿ ಅರ್ಧ ಖಾಲಿ ಪುಟವೂ 'ಸುಮ್ಮನೆ' ಇರುತ್ತದೆ. ಇನ್ನೊಂದು ಕಡೆ, ಮೂಲೆಯಲ್ಲಿ ಚಾಟ್ ಗುಳ್ಳೆ ಇದ್ದ ಪುಟವೊಂದು ಸರ್ವರ್ ಜೊತೆ ಮಾತು ನಿಲ್ಲಿಸಲೇ ಇಲ್ಲ. 30 ಸೆಕೆಂಡ್ ಕಾದು ಪ್ರೋಗ್ರಾಂ ಕೈಚೆಲ್ಲಿತು. ಹತ್ತು ಸೆಕೆಂಡ್ ಕುರುಡಾಗಿ ಕಾಯುವುದನ್ನೂ ಮಾಡಿ ನೋಡಿದೆ. ಕೆಲವಕ್ಕೆ ಹೆಚ್ಚಾಯಿತು, ಕೆಲವಕ್ಕೆ ಸಾಲಲಿಲ್ಲ.

ಕೊನೆಗೆ ನಾನೇ ಕೂತು ಓದಿದರೆ ಏನು ಮಾಡುತ್ತೇನೋ ಅದನ್ನೇ ಬರೆದೆ. ಪುಟ ತೆರೆ. ಒಂದೊಂದು ಪರದೆಯಷ್ಟು ಕೆಳಗಿಳಿ, ಪ್ರತಿ ಸಲ ಚೂರು ನಿಲ್ಲು. ತಳ ಮುಟ್ಟಿದ ಮೇಲೆ ಮೇಲಕ್ಕೆ ಬಾ. ಎಲ್ಲ ಚಿತ್ರಗಳೂ ಬಂದವೇ, ಫಾಂಟ್‌ಗಳು ಸಿದ್ಧವೇ ಎಂದು ಪುಟವನ್ನೇ ಕೇಳು. ಅನಿಮೇಷನ್ ನಿಲ್ಲಿಸು. ಇಷ್ಟಕ್ಕೂ ಸೇರಿ 45 ಸೆಕೆಂಡ್ ಮಿತಿ. ಮೀರಿದರೆ ಸಿಕ್ಕಿದ್ದನ್ನು ತೆಗೆದು, ಹೆಸರಿನಲ್ಲಿ 'ಅಪೂರ್ಣ' ಎಂದು ಸೇರಿಸು. ತಪ್ಪು ಚಿತ್ರ ಸರಿಯಾದದ್ದರಂತೆ ಕಡತದಲ್ಲಿ ಕೂತಿರುವುದು ಚಿತ್ರವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಹಾಗಾಗಿ ಆ ಒಂದು ಪದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ತುಂಬಾ ಉದ್ದದ ಪುಟಗಳದ್ದು ಬೇರೆಯೇ ತಲೆನೋವು. 16384 ಪಿಕ್ಸೆಲ್ ದಾಟಿದ ಮೇಲೆ ಚಿತ್ರದಲ್ಲಿ ಪುಟದ ತಲೆಭಾಗವೇ ಮತ್ತೆ ಶುರುವಾಗಿತ್ತು. ಅಕ್ಷರ ಚೂಪಾಗಿ ಬರಲೆಂದು ಸ್ಕೇಲ್ 2 (ಉದ್ದಗಲ ಎರಡರಲ್ಲೂ ಇಮ್ಮಡಿ ಪಿಕ್ಸೆಲ್) ಇಟ್ಟಿದ್ದರೆ ಆ ಮಿತಿ ಅರ್ಧಕ್ಕೇ ಬರುತ್ತದೆ. ಅಂಥವನ್ನು ತುಂಡುತುಂಡಾಗಿ ತೆಗೆದು ಹಾಗೆಯೇ ಇಡುತ್ತೇನೆ, ಜೋಡಿಸುವುದಿಲ್ಲ.

ಇದನ್ನು ನೋಡಿದ ಸಹೋದ್ಯೋಗಿಗಳು 'ನಮಗೂ ಕೊಡು' ಎಂದರು. ವಿಳಾಸ ಹಾಕಿ ಬಟನ್ ಒತ್ತಿದರೆ ಚಿತ್ರ ಬರುವ ಪುಟ್ಟ ವೆಬ್ ಅಪ್ಲಿಕೇಶನ್. ಬ್ರೌಸರ್‌ನಲ್ಲೇ ಮುಗಿಸೋಣವೆಂದು ಎಚ್‌ಟಿಎಂಎಲ್2ಕ್ಯಾನ್ವಾಸ್ ಎಂಬ ಲೈಬ್ರರಿ ಹಿಡಿದೆ. ಅದು ನಿಜವಾಗಿ ಫೋಟೊ ತೆಗೆಯುವುದಿಲ್ಲ. ಪುಟದ ರಚನೆಯನ್ನು ಓದಿ ತನಗೆ ತಿಳಿದಂತೆ ಮತ್ತೆ ಬಿಡಿಸುತ್ತದೆ. ಮೇಲಾಗಿ ಬೇರೆ ಸೈಟಿನ ಪುಟವನ್ನು ನಮ್ಮ ಪುಟದೊಳಗಿಂದ ಓದಲು ಬ್ರೌಸರ್ ಬಿಡುವುದಿಲ್ಲ, ಬಿಡಲೂ ಬಾರದು. ಹಾಗಾಗಿ ಪಪೆಟಿಯರ್ ಅನ್ನು ಸರ್ವರ್‌ನಲ್ಲಿ ಡಾಕರ್ (ಪ್ರೋಗ್ರಾಂ ಅನ್ನು ಬೇರೆಯಾಗಿ ಡಬ್ಬಿಯೊಳಗಿಟ್ಟಂತೆ ಓಡಿಸುವ ವ್ಯವಸ್ಥೆ) ಒಳಗೆ ಕೂರಿಸಿದೆ.

ಮೊದಲ ಕನ್ನಡ ಪುಟ ಬರೀ ಖಾಲಿ ಚೌಕಗಳಾಗಿ ಬಂತು. ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿದ ಮೇಲೆ ಅಕ್ಷರ ಮೂಡಿತು. ಭಾರೀ ಪುಟಗಳಲ್ಲಿ ಕ್ರೋಮ್ ಸದ್ದಿಲ್ಲದೆ ಸಾಯುತ್ತಿತ್ತು: ಡಾಕರ್ ತಾನಾಗಿ ಕೊಡುವ ಹಂಚಿಕೆಯ ಮೆಮೊರಿ 64 ಎಂಬಿ ಮಾತ್ರ, ಅದನ್ನು 1 ಜಿಬಿಗೆ ಏರಿಸಿದೆ.

ಬೆವರಿಳಿಸಿದ್ದು ಮಾತ್ರ ಬೇರೆ. ಸಹೋದ್ಯೋಗಿಯೊಬ್ಬರು ತಮಾಷೆಗೆಂದು ವೆಬ್ ವಿಳಾಸದ ಬದಲು ಸರ್ವರ್‌ನದ್ದೇ ಒಂದು ಫೈಲಿನ ದಾರಿ ಕೊಟ್ಟರು. ಅದರೊಳಗಿನದ್ದೆಲ್ಲ ಸೊಗಸಾದ ಚಿತ್ರವಾಗಿ ಅವರ ಪರದೆಗೆ ಬಂತು. ಹೊರಗಿನವರಿಗೆ ಕಾಣದ ಒಳ ನೆಟ್‌ವರ್ಕ್ ಪುಟಗಳಿಗೂ ಇದೇ ಗತಿ. ಕ್ಲೌಡ್ ಸರ್ವರ್‌ಗಳಲ್ಲಿ 169.254.169.254 ಎಂಬ ಒಳ ವಿಳಾಸ ಆ ಸರ್ವರ್‌ನ ಗುಪ್ತ ಪ್ರವೇಶ ಕೀಲಿಗಳನ್ನೇ ಕೊಟ್ಟುಬಿಡಬಹುದು. ಅಂದೇ ಅಪ್ಲಿಕೇಶನ್ ಮುಚ್ಚಿ ಎರಡು ದಿನ ಕೂತೆ. ಈಗ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೇನೂ ಒಳಗೆ ಬರುವುದಿಲ್ಲ, ಒಳ ನೆಟ್‌ವರ್ಕ್‌ನ ಯಾವ ಐಪಿಗೂ ದಾರಿಯಿಲ್ಲ. ವಿಳಾಸವನ್ನು ಬಾಗಿಲಲ್ಲಿ ಒಮ್ಮೆ ನೋಡಿದರೆ ಸಾಲದು, ಹೊರಗಿನ ಪುಟ ರೀಡೈರೆಕ್ಟ್ ಮಾಡಿ, ಅಂದರೆ ಬೇರೆ ವಿಳಾಸಕ್ಕೆ ಕಳಿಸಿ, ಒಳಗೆ ಎಳೆದೊಯ್ಯಬಹುದು. ಹಾಗಾಗಿ ಬ್ರೌಸರ್ ಹೊರಡಿಸುವ ಪ್ರತಿ ಕೋರಿಕೆಯನ್ನೂ ಫೈರ್‌ವಾಲ್ ನೋಡುತ್ತದೆ.

ನಲವತ್ತರಲ್ಲಿ ಒಂದು ಪುಟವನ್ನು ಇಂದಿಗೂ ಕೈಯಿಂದಲೇ ತೆಗೆಯುತ್ತೇನೆ. ಅದಕ್ಕೆ ಲಾಗಿನ್ ಬೇಕು, ಪ್ರತಿ ಸಲ ಫೋನಿಗೆ ಒಟಿಪಿ ಬರುತ್ತದೆ. ಸೋಮವಾರ ಬೆಳಿಗ್ಗೆ ಉಳಿದ ಮೂವತ್ತೊಂಬತ್ತು ತಾವಾಗಿಯೇ ಬಂದು ಬೀಳುತ್ತಿರುವಾಗ ನಾನು ಫೈರ್‌ಫಾಕ್ಸ್ ತೆರೆದು, ತಳದವರೆಗೆ ಸ್ಕ್ರಾಲ್ ಮಾಡಿ ಮೇಲೆ ಬಂದು, ಕಂಟ್ರೋಲ್, ಶಿಫ್ಟ್, ಎಸ್ ಒತ್ತುತ್ತೇನೆ.